ತೂತು ಎಷ್ಟು?

"ಭಾವ, ನೀವು ಮಾಡಿಕೊಟ್ಟ ಮಣೆ ರಾತ್ರಿ ಠಳ್ ಅಂತು. ಬೆಳಿಗ್ಗೆ ನೋಡಿದ್ರೆ ಸೀಳು." ಸೋಮವಾರ ಕಲಬುರಗಿಯಿಂದ ನಾದಿನಿಯ ಫೋನ್, ಬೆನ್ನಿಗೇ ಫೋಟೊ. ಹಿಂದಿನಿಂದ ಅವಳ ಅತ್ತೆಯ ದನಿ: "ಮಣಿ ಸೀಳೂದು ಛಲೋ ಅಲ್ಲ." ಅವಳ ಗಂಡನಂತೂ ಅಂಟು ಕಳಪೆ ಅಂತ ತೀರ್ಪು ಕೊಟ್ಟಾಗಿತ್ತು. ಮರದ ಸಾಮಾನು ಕೆಟ್ಟರೆ ಎಲ್ಲರೂ ಮೊದಲು ಹಿಡಿಯುವುದು ಅಂಟನ್ನೇ.

ಫೋಟೊ ಹಿಗ್ಗಿಸಿ ನೋಡಿದರೆ ಅಂಟು ಪಾರಾಗುತ್ತದೆ. ಮಣೆ 18 ಇಂಚು ಉದ್ದ, 12 ಇಂಚು ಅಗಲ, 1 ಇಂಚು ದಪ್ಪ; ಆರಾರು ಇಂಚಿನ ಎರಡು ಹಲಸಿನ ಹಲಗೆಯನ್ನು ಅಂಚಿಗೆ ಅಂಚು ಕೂಡಿಸಿದ್ದು, ಅಡಿಯಲ್ಲಿ ಅವನ್ನು ಹಿಡಿದಿಡುವ ಅಡ್ಡಪಟ್ಟಿಗಳು. ಸೀಳಿರುವುದು ಕೂಡಿಸಿದ ಗೆರೆಯಲ್ಲಲ್ಲ, ಅದರಿಂದ ಅರ್ಧ ಇಂಚು ಆಚೆ. ಅಂದರೆ ಅಂಟು ಹಿಡಿದೇ ಇದೆ, ಪಕ್ಕದ ಮರ ಬಿಟ್ಟಿದೆ.

ಊರಿನ ಬಡಗಿ ಆಚಾರ್ರು ಆ ಫೋಟೊ ನೋಡಿ ಕೇಳಿದ್ದು ಒಂದೇ: "ಅಡ್ಡಪಟ್ಟಿಗೆ ತೂತು ಎಷ್ಟು?"

"ಸ್ಕ್ರೂ ಹಿಡಿಯುವಷ್ಟು."

"ಹಾಗಾದ್ರೆ ಹಲಗೆ ಎಲ್ಲಿಗೆ ಹೋಗ್ಬೇಕು?"

ವಾರವಿಡೀ ಅದೇ ಪ್ರಶ್ನೆ ತಲೆಯಲ್ಲಿ. ಉಡುಪಿಯ ಜುಲೈ ಮಳೆಯಲ್ಲಿ ಮಾಡಿದ ಮಣೆ ಕಲಬುರಗಿಯ ಏಪ್ರಿಲ್‌ಗೆ ಹೋಗಿ ಕೂತಿದೆ. ಗಾಳಿ ಒಣಗಿದಂತೆ ಹಲಗೆಯೂ ಒಣಗುತ್ತದೆ. ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕಿಲ್ಲ, ಅಗಲಕ್ಕೆ ಮಾತ್ರ ಕುಗ್ಗುತ್ತದೆ. ಒಂದಡಿ ಅಗಲಕ್ಕೆ ಎರಡು ಮೂರು ಮಿಲಿಮೀಟರ್ ಕುಗ್ಗುವುದು ಸಾಮಾನ್ಯ. ಅಡಿಯ ಪಟ್ಟಿಗಳ ಉದ್ದ ಹಲಗೆಯ ಅಗಲದ ದಿಕ್ಕಿಗಿದೆ, ಆ ಉದ್ದ ಬದಲಾಗದು. ಮೂರು ಮೂರು ಸ್ಕ್ರೂ ಬಿಗಿದು, ಮೇಲಿಂದ ಅಂಟನ್ನೂ ಬಳಿದರೆ, ಕುಗ್ಗಬೇಕಾದ ಹಲಗೆಯನ್ನು ಕುಗ್ಗದ ಪಟ್ಟಿ ಎರಡೂ ಕಡೆಯಿಂದ ಹಿಡಿದುಕೊಳ್ಳುತ್ತದೆ. ಆಮೇಲೆ ಠಳ್.

ಮಾಡಬೇಕಾಗಿದ್ದು ಹೀಗೆ. ಪಟ್ಟಿ ಮುಕ್ಕಾಲು ಇಂಚು ದಪ್ಪ, ಸ್ಕ್ರೂ 8ನೇ ನಂಬರಿನ ಒಂದೂವರೆ ಇಂಚಿನದ್ದು. ನಡುವಿನ ತೂತು ಮಾತ್ರ ಸ್ಕ್ರೂ ಗಾತ್ರಕ್ಕೆ ಸರಿಯಾಗಿರಲಿ. ಆಚೀಚೆಯ ತೂತುಗಳು 5 ಮಿಲಿಮೀಟರ್ ಅಗಲ, 10 ಮಿಲಿಮೀಟರ್ ಉದ್ದ, ಪಟ್ಟಿಯ ಉದ್ದದ ದಿಕ್ಕಿಗೇ, ಹಲಗೆ ಕುಗ್ಗಿದಾಗ ಸ್ಕ್ರೂ ಸರಿಯಲು. ಒತ್ತೊತ್ತಿಗೆ ಎರಡು ತೂತು ಕೊರೆದು ನಡುವೆ ಉಳಿದ ಮರವನ್ನು ಸಣ್ಣ ಉಳಿಯಲ್ಲಿ ತೆಗೆದರಾಯಿತು. ತಲೆಯ ಕೆಳಗೆ ವಾಷರ್ ಹಾಕಿ, ಪಟ್ಟಿ ಅಲುಗಾಡದಷ್ಟು ಬಿಗಿದರೆ ಸಾಕು, ಹಿಂಡಬಾರದು. ಪಟ್ಟಿಗೂ ಹಲಗೆಗೂ ನಡುವೆ ಅಂಟಿನ ಹನಿಯೂ ಬೇಡ. ಹಳೆಯ ಮನೆಗಳ ಮಣೆ ತಿರುವಿ ಹಾಕಿ ನೋಡಿ: ಬಾಯಿ ಕಿರಿದು, ಒಳಗೆ ಅಗಲವಿರುವ ಗಾಡಿ (ಉದ್ದನೆಯ ತೋಡು) ತೆಗೆದು ಪಟ್ಟಿಯನ್ನು ಪಕ್ಕದಿಂದ ಜಾರಿಸಿರುತ್ತಾರೆ. ಮೊಳೆ ಇಲ್ಲ. ಅದನ್ನು ಹಳೇ ಕಾಲದ ಬಡತನ ಅಂದುಕೊಂಡವರೇ ಹೆಚ್ಚು.

ಇನ್ನೊಂದು ತಪ್ಪು ಮಣೆಯ ಹೊಟ್ಟೆಯಲ್ಲಿದೆ. ಮೇಲೆ ಮೂರು ಕೈ ಅಗಸೆ ಎಣ್ಣೆ, ಅಡಿಗೆ ಏನೂ ಇಲ್ಲ. ಯಾರು ನೋಡುತ್ತಾರೆ ಅಂತ. ಎರಡು ಮುಖ ಎರಡು ವೇಗದಲ್ಲಿ ಒಣಗಿದರೆ ಹಲಗೆ ಬಟ್ಟಲಾಗುತ್ತದೆ. ಎಷ್ಟು ಕೈ ಮೇಲೋ ಅಷ್ಟೇ ಕೈ ಕೆಳಗೆ. (ಅಗಸೆ ಎಣ್ಣೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಕಾದು ಹೊತ್ತಿಕೊಳ್ಳಬಹುದು, ಹರಡಿ ಒಣಗಿಸಿ. ಅದರ ಬದಲಿಗೆ ತೆಂಗಿನೆಣ್ಣೆ ಹಚ್ಚೋಣ ಅಂದರೆ ಅದು ಒಣಗುವುದೇ ಇಲ್ಲ.)

ಮನೆಯಲ್ಲಿ ಮಾಡಿದ್ದನ್ನು ಹಂಚಿಕೊಳ್ಳುವ ನಮ್ಮಂಥವರ ಫೋಟೊಗಳೆಲ್ಲ ಎಣ್ಣೆ ಹಚ್ಚಿದ ದಿನದವು. ಅವತ್ತು ಹಲಸಿನ ಹಳದಿ ಚಿನ್ನದ ಹಾಗೆ ಹೊಳೆಯುತ್ತದೆ, ಎಲ್ಲರೂ ವಾಹ್ ಅನ್ನುತ್ತಾರೆ. ಅದೇ ಮಣೆಯ ಒಂದು ವರ್ಷದ ನಂತರದ ಫೋಟೊ ಹಾಕಿದವರು ಕಡಿಮೆ. ಉಡುಗೊರೆ ಕೊಟ್ಟರಂತೂ ಮುಗಿಯಿತು, ಸೀಳಿದ್ದನ್ನು ಪಡೆದವರು ದಾಕ್ಷಿಣ್ಯಕ್ಕೆ ಹೇಳುವುದಿಲ್ಲ, ಅಟ್ಟಕ್ಕೆ ಹಾಕುತ್ತಾರೆ. ನಾದಿನಿ ಹೇಳಿದಳು. ಅವಳ ಬಾಯಿ ಜೋರು ಅಂತ ಮನೆಯಲ್ಲೆಲ್ಲ ಬೈಸಿಕೊಳ್ಳುವವಳು. ಈ ಕೆಲಸಕ್ಕೆ ಅಂಥವರೇ ಬೇಕು.

ನಿನ್ನೆ ವೀಡಿಯೋ ಕಾಲ್‌ನಲ್ಲಿ ಅವಳ ಕೈಯಲ್ಲೇ ಸ್ಕ್ರೂ ಬಿಚ್ಚಿಸಿದ್ದಾಯಿತು. ಅಂಟಿದ್ದ ಪಟ್ಟಿಗಳನ್ನು ಅಗಲ ಉಳಿಯಿಂದ ಮೀಟಿ ತೆಗೆದು, ಎರಡೂ ಅಂಗೈಯಲ್ಲಿ ಒತ್ತಿದಳು. ಬೆರಳುಗುರು ಹೋಗುತ್ತಿದ್ದ ಸೀಳು ಕೂದಲೆಳೆಗೆ ಬಂತು. ಹತ್ತು ಹದಿನೈದು ದಿನ ಹಾಗೇ ಬಿಟ್ಟು, ಆಮೇಲೆ ತೆಳು ಬ್ಲೇಡಿನಲ್ಲಿ ಸೀಳಿನೊಳಕ್ಕೆ ಅಂಟು ತುಂಬಬೇಕು. ಬಿಗಿಯಲು ಕ್ಲಾಂಪ್ ಇಲ್ಲ ಅಂದಳು. ಹಳೇ ಸೈಕಲ್ ಟ್ಯೂಬ್ ಉದ್ದಕ್ಕೆ ಕತ್ತರಿಸಿ, ಎಳೆದೆಳೆದು ಐದಾರು ಸುತ್ತು ಸುತ್ತಿದರೆ ನಡೆಯುತ್ತದೆ.