ಟಸ್ಕನಿಯಲ್ಲಿ ಒಂದು ದಿನ: ಕಾರು ಗೊತ್ತು ಮಾಡುವ ಮೊದಲು

ಇಟಲಿಯ ಟಸ್ಕನಿ ಪ್ರಾಂತ್ಯದ ಫ್ಲಾರೆನ್ಸ್‌ಗೆ ಹೋಗುವ ಹೆಚ್ಚಿನವರು ಒಂದು ದಿನವನ್ನು ಸುತ್ತಲಿನ ಹಳ್ಳಿ, ದ್ರಾಕ್ಷಿ ತೋಟಗಳಿಗೆ ಅಂತ ಎತ್ತಿಡುತ್ತಾರೆ. ಇದಕ್ಕೆ ಮುಖ್ಯವಾಗಿ ಮೂರು ದಾರಿ. ದೊಡ್ಡ ಬಸ್ಸಿನ ಗುಂಪು ಪ್ರವಾಸ, ನೀವೇ ಓಡಿಸುವ ಬಾಡಿಗೆ ಕಾರು, ಇಲ್ಲವೇ ನಿಮ್ಮ ಮನೆಯವರಿಗಷ್ಟೇ ಅಂತ ಗೊತ್ತು ಮಾಡಿಕೊಂಡ ಕಾರು ಮತ್ತು ಡ್ರೈವರ್. ನಾನು, ನನ್ನ ಯಜಮಾನರು, ಅತ್ತೆ, ಮಾವ ಹೋಗಿದ್ದು ಮೂರನೆಯ ದಾರಿಯಲ್ಲಿ. ಮೂರರಲ್ಲಿ ದುಬಾರಿ ಇದೇ. ನಾವು ವಿಚಾರಿಸಿದಾಗ ಎಂಟು ಗಂಟೆಯ ದಿನಕ್ಕೆ 500ರಿಂದ 800 ಯೂರೊ ತನಕ ಹೇಳಿದರು. ಇದು ಕಾರಿನ ಲೆಕ್ಕ, ತಲೆಯ ಲೆಕ್ಕ ಅಲ್ಲ. ಹಾಗಾಗಿ ಇಬ್ಬರಿಗೆ ಭಾರ, ನಾಲ್ಕೈದು ಜನರಿಗೆ ಪರವಾಗಿಲ್ಲ.

ಇಷ್ಟು ಹಣ ಕೊಟ್ಟ ಮೇಲೆ ದಿನ ತಾನಾಗಿಯೇ ಚೆನ್ನಾಗಿರುತ್ತದೆ ಅಂದುಕೊಳ್ಳಬೇಡಿ. ಅರ್ಧ ಪ್ರವಾಸ ಬುಕ್ ಮಾಡುವ ಮೊದಲಿನ ಇಮೇಲ್‌ಗಳಲ್ಲೇ ತೀರ್ಮಾನ ಆಗಿಬಿಡುತ್ತದೆ. ನೀವು ಏನೂ ಹೇಳದಿದ್ದರೆ ಅವರ ಬಳಿ ಸಿದ್ಧ ಪಟ್ಟಿ ಇದ್ದೇ ಇರುತ್ತದೆ. ಮೂರು ಊರು, ಎರಡು ವೈನರಿ, ಮಧ್ಯದಲ್ಲೊಂದು ಊಟ. ಕಾಗದದ ಮೇಲೆ ನೋಡುವುದಕ್ಕೆ ಸೊಗಸು. ದಿನಪೂರ್ತಿ ಸೀಟ್ ಬೆಲ್ಟ್ ಹಾಕುವುದು, ತೆಗೆಯುವುದೇ ಆಗುತ್ತದೆ. ನನ್ನ ಸಲಹೆ, ಎರಡು ಊರು, ಒಂದು ವೈನರಿ. ಅದಕ್ಕಿಂತ ಜಾಸ್ತಿ ಕೇಳಬೇಡಿ.

ಕಾರು ನೀವೇ ಓಡಿಸಿದರೆ ಆಗದೇ? ಆಗುತ್ತದೆ. ಆದರೆ ಇಟಲಿಯ ಬಹುತೇಕ ಹಳೇ ಊರುಗಳ ಒಳಗೆ ಹೊರಗಿನ ಕಾರುಗಳಿಗೆ ಪ್ರವೇಶ ಇಲ್ಲ. ಜೆಡ್‌ಟಿಎಲ್ ಅಂತ ಬೋರ್ಡ್ ಇರುತ್ತದೆ. ಅದನ್ನು ದಾಟಿದರೆ ಯಾರೂ ಕೈ ಅಡ್ಡ ಹಾಕುವುದಿಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ಹಿಡಿದುಕೊಳ್ಳುತ್ತದೆ ಅಷ್ಟೆ. ತಿಂಗಳುಗಳ ಮೇಲೆ ದಂಡದ ಚೀಟಿ ಮನೆಗೇ ಬರುತ್ತದೆ. ಬಾಡಿಗೆ ಕಂಪನಿಯವರು ನಿಮ್ಮ ವಿಳಾಸ ಕೊಟ್ಟಿದ್ದಕ್ಕೆ ಬೇರೆ ಶುಲ್ಕ ಹಾಕುತ್ತಾರೆ. ಜೊತೆಗೆ, ಕುಡಿದು ಓಡಿಸುವುದಕ್ಕೆ ಅಲ್ಲಿಯ ಮಿತಿ ಲೀಟರ್ ರಕ್ತಕ್ಕೆ 0.5 ಗ್ರಾಂ. ಅಂದರೆ ವೈನರಿಯಲ್ಲಿ ಒಬ್ಬರು ಸುಮ್ನೆ ನೋಡುತ್ತಾ ಕೂರಬೇಕು. ನಮ್ಮ ಮನೆಯಲ್ಲಿ ಆ ಪಾಳಿ ಯಾರಿಗೆ ಬರುತ್ತಿತ್ತು ಅಂತ ನನಗೆ ಚೆನ್ನಾಗಿ ಗೊತ್ತು.

ಇನ್ನು ಡ್ರೈವರ್ ಬೇರೆ, ಗೈಡ್ ಬೇರೆ. ಇದನ್ನು ಬುಕ್ ಮಾಡುವಾಗಲೇ ಕೇಳಿ. ಇಟಲಿಯಲ್ಲಿ ಹೀಗೆ ಬಾಡಿಗೆಗೆ ಕಾರು ಓಡಿಸುವವರಿಗೆ ಎನ್‌ಸಿಸಿ ಪರವಾನಗಿ ಇರಬೇಕು (ನಮ್ಮ ಕಾಲೇಜಿನ ಎನ್‌ಸಿಸಿ ಅಲ್ಲ, ಮಾವನೂ ಅದನ್ನೇ ಕೇಳಿದ್ದು). ಚರ್ಚ್, ಅರಮನೆಗಳ ಒಳಗೆ ನಿಂತು ವಿವರಿಸುವುದಕ್ಕೆ ಗೈಡ್ ಪರವಾನಗಿ ಬೇರೆಯೇ ಇದೆ. ಹಾಗಾಗಿ ಡ್ರೈವರ್ ದಾರಿಯುದ್ದಕ್ಕೂ ಊರಿನ ಕಥೆ ಹೇಳುತ್ತಾರೆ, ಕೋಟೆ ಬಾಗಿಲಲ್ಲಿ ಇಳಿಸಿ "ಇಷ್ಟು ಗಂಟೆಗೆ ಇಲ್ಲೇ ಸಿಗೋಣ" ಅನ್ನುತ್ತಾರೆ. ಒಳಗೆ ನಿಮ್ಮ ಪಾಡು ನಿಮ್ಮದು. ಚಿಕ್ಕ ಊರುಗಳಿಗೆ ಇಷ್ಟೇ ಸಾಕು. ಸಿಯೆನಾದಂಥ ದೊಡ್ಡ ಊರು ಸೇರಿಸಿಕೊಂಡರೆ ಮಾತ್ರ ಅಲ್ಲಿಯ ಗೈಡ್ ಒಬ್ಬರನ್ನು ಎರಡು ಗಂಟೆಗೆ ಗೊತ್ತು ಮಾಡಿಕೊಳ್ಳಿ.

ನಾವು ಆರಿಸಿಕೊಂಡಿದ್ದು ದಕ್ಷಿಣ ಟಸ್ಕನಿಯ ವಾಲ್ ದೋರ್ಚಾ ಕಣಿವೆ. 2004ರಿಂದ ಇದು ಯುನೆಸ್ಕೊ ಪಟ್ಟಿಯಲ್ಲಿದೆ. ಬೆಳಿಗ್ಗೆ ಮೊಂತಾಲ್ಚಿನೊ ಹತ್ತಿರದ ತೋಟ, ಮಧ್ಯಾಹ್ನ ಪಿಯೆಂಜಾ, ಸಂಜೆ ಮೊಂತೆಪುಲ್ಚಾನೊ. ಹೋಗುವಾಗ ಸಿಯೆನಾ ಕಡೆಯ ರಸ್ತೆ, ಬರುವಾಗ ಎ1 ಹೆದ್ದಾರಿ. ಒಂದು ಸುತ್ತು ಆಗುತ್ತದೆ, ಅದೇ ದಾರಿಯನ್ನು ಎರಡು ಸಲ ನೋಡಬೇಕಾಗಿಲ್ಲ. ಆದರೆ ಫ್ಲಾರೆನ್ಸ್‌ನಿಂದ ಮೊದಲ ತೋಟ ಮುಟ್ಟುವುದಕ್ಕೇ ಎರಡು ಗಂಟೆ ಹತ್ತಿರ ಬೇಕು. ಸಿಯೆನಾದಲ್ಲಿ ತಂಗಿದರೆ ಅದು ಒಂದು ಗಂಟೆಗೂ ಕಡಿಮೆ. ನಿಮ್ಮ ಹೋಟೆಲ್ ಇನ್ನೂ ಬುಕ್ ಆಗಿಲ್ಲ ಅಂದರೆ ಹಿಂದಿನ ರಾತ್ರಿ ಸಿಯೆನಾದಲ್ಲೇ ಉಳಿಯಿರಿ. ಬೆಳಿಗ್ಗೆ ಒಂದು ಗಂಟೆಯಷ್ಟು ಸಿಕ್ಕಿದ ಹಾಗೆ.

ಸಿಯೆನಾ ದಾಟಿದ ಮೇಲೆ ರಸ್ತೆ ಸುತ್ತಿ ಸುತ್ತಿ ಹೋಗುತ್ತದೆ. ಘಾಟಿಯಲ್ಲಿ ಹೊಟ್ಟೆ ತೊಳಸುವವರು ಮಾತ್ರೆ ತೆಗೆದುಕೊಂಡೇ ಹೊರಡಿ. ಅತ್ತೆ ಚೀಲದಲ್ಲಿ ಒಣಗಿಸಿದ ನೆಲ್ಲಿಕಾಯಿ ಇಟ್ಟುಕೊಂಡಿದ್ದರು. ಡ್ರೈವರ್‌ಗೂ ಒಂದು ಕೊಟ್ಟರು. ಅವರ ಮುಖ ನೋಡಬೇಕಿತ್ತು.

ವೈನರಿ ವಿಷಯಕ್ಕೆ ಬರೋಣ. ಮೊದಲೇ ಹೇಳದೆ ಹೋದರೆ ಹೆಚ್ಚಿನ ಕಡೆ ಒಳಗೆ ಬಿಡುವುದಿಲ್ಲ. ಭಾನುವಾರ ಬಾಗಿಲು ಹಾಕುವ ತೋಟಗಳೂ ಬಹಳ. ರುಚಿ ನೋಡುವ ಶುಲ್ಕ ಕಾರಿನ ಹಣದಲ್ಲಿ ಸೇರಿದೆಯೋ ಇಲ್ಲವೋ ಬರೆದು ಕೇಳಿ, ಸಾಮಾನ್ಯವಾಗಿ ಸೇರಿರುವುದಿಲ್ಲ. ಇನ್ನೊಂದು ಮಾತು. ಹೆಸರುವಾಸಿ ದೊಡ್ಡ ಕಂಪನಿಯೇ ಬೇಕು ಅಂತ ಹಟ ಮಾಡಬೇಡಿ. "ಮನೆಯವರೇ ನಡೆಸುವ ಚಿಕ್ಕ ತೋಟ ಇರಲಿ" ಅಂತ ನಾವು ಬರೆದಿದ್ದೆವು. ಅದರಿಂದ ಆಗಿದ್ದು ಏನೆಂದರೆ, ತೋಟ ತೋರಿಸಿದವರು, ಪೀಪಾಯಿ ತೋರಿಸಿದವರು, ಕೊನೆಗೆ ಬಾಟಲಿ ತೆರೆದವರು ಎಲ್ಲ ಒಬ್ಬರೇ. ಏನು ಕೇಳಿದರೂ ಉತ್ತರ ಇತ್ತು.

ಮೊಂತಾಲ್ಚಿನೊದ ಹೆಸರಾಂತ ವೈನ್ ಬ್ರುನೆಲ್ಲೊ. ಸಾಂಜೊವೇಸೆ ಅನ್ನುವ ಒಂದೇ ದ್ರಾಕ್ಷಿಯಿಂದ ಮಾಡಬೇಕು, ಬೇರೆ ದ್ರಾಕ್ಷಿ ಒಂದು ಹನಿಯೂ ಬೆರೆಸುವ ಹಾಗಿಲ್ಲ. ಕನಿಷ್ಠ ಎರಡು ವರ್ಷ ಮರದ ಪೀಪಾಯಿಯಲ್ಲಿ ಇಡಬೇಕು, ಆಮೇಲೆ ಬಾಟಲಿಯಲ್ಲಿ ಕೆಲವು ತಿಂಗಳು. ದ್ರಾಕ್ಷಿ ಕೊಯ್ದ ವರ್ಷದಿಂದ ಐದನೇ ವರ್ಷದ ಜನವರಿ 1ರ ತನಕ ಮಾರುವಂತಿಲ್ಲ. 2020ರಲ್ಲಿ ಕೊಯ್ದಿದ್ದು 2025ಕ್ಕೆ ಅಂಗಡಿಗೆ ಬರುತ್ತದೆ. ಮಾವ ನಿವೃತ್ತ ಬ್ಯಾಂಕಿನವರು. ಅವರಿಗೆ ರುಚಿಗಿಂತ ಇದೇ ತಲೆಗೆ ಹತ್ತಿತು. "ಐದು ವರ್ಷ ಬಂಡವಾಳ ಸಿಕ್ಕಿಹಾಕಿಕೊಂಡಿರುತ್ತಲ್ಲ, ಆ ತನಕ ಮನೆ ಹೇಗೆ ನಡೀತದೆ?" ಅಂತ ಕೇಳಿದರು. ಉತ್ತರ ಎರಡನೇ ಲೋಟದಲ್ಲಿತ್ತು. ಅದೇ ದ್ರಾಕ್ಷಿಯಿಂದ ರೊಸ್ಸೊ ದಿ ಮೊಂತಾಲ್ಚಿನೊ ಅಂತ ಇನ್ನೊಂದು ವೈನ್ ಮಾಡುತ್ತಾರೆ. ಅದು ಮಾರನೇ ವರ್ಷವೇ ಮಾರಾಟಕ್ಕೆ ಬರುತ್ತದೆ. ಬೆಲೆ ಕಡಿಮೆ, ಅಷ್ಟು ಒಗರೂ ಇಲ್ಲ. ಹೊಸದಾಗಿ ಕುಡಿಯುವವರಿಗೆ ಇದೇ ಹಿಡಿಸಬಹುದು, ನನಗಂತೂ ಇದೇ ಹಿಡಿಸಿತು. ಸಾಂಜೊವೇಸೆಯನ್ನು ನಮ್ಮ ಹಂಪಿ ಕಡೆಯೂ ಬೆಳೆದು ವೈನ್ ಮಾಡುತ್ತಾರೆ ಅಂತ ನನ್ನ ಯಜಮಾನರು ಹೇಳಿದಾಗ ತೋಟದವರು ಮೊದಲು ಕೇಳಿದ್ದು, "ಅಲ್ಲಿ ಬಿಸಿಲು ಎಷ್ಟು?"

ರುಚಿ ನೋಡುವಾಗ ಲೋಟ ಖಾಲಿ ಮಾಡಲೇಬೇಕು ಅಂತಿಲ್ಲ. ಉಳಿದಿದ್ದನ್ನು ಸುರಿಯುವುದಕ್ಕೆ ಮೇಜಿನ ಮೇಲೆ ಪಾತ್ರೆ ಇರುತ್ತದೆ, ಅದು ಅವಮಾನ ಏನೂ ಅಲ್ಲ. ನೆಲಮಾಳಿಗೆ ಬೇಸಿಗೆಯಲ್ಲೂ ತಣ್ಣಗಿರುತ್ತದೆ, ಹಿರಿಯರಿಗೆ ಶಾಲು ಇರಲಿ. ಕುಡಿಯದವರು ಜೊತೆಯಲ್ಲಿದ್ದರೆ ಮೊದಲೇ ತಿಳಿಸಿ. ಅತ್ತೆಗೆ ಅಂತ ಅವರದೇ ತೋಟದ ಆಲಿವ್ ಎಣ್ಣೆ, ಬ್ರೆಡ್, ಜೇನು, ಟೊಮ್ಯಾಟೊ ಇಟ್ಟಿದ್ದರು. ಎಣ್ಣೆ ಗಂಟಲಲ್ಲಿ ಸ್ವಲ್ಪ ಖಾರ ಅನಿಸಿದರೆ ಒಳ್ಳೆಯದಂತೆ. ನಾವು ಮೂವರೂ ಲೋಟ ಅಲ್ಲಾಡಿಸುತ್ತಾ, ಬೆಳಕಿಗೆ ಹಿಡಿಯುತ್ತಾ ಇದ್ದರೆ ಅತ್ತೆ, "ಇಷ್ಟೊತ್ತೂ ಮೂಸಿ ನೋಡೋದೇ ಆಯ್ತು, ಕುಡಿಯೋದು ಯಾವಾಗ್ರೋ?" ಅಂದರು.

ಮೊಂತಾಲ್ಚಿನೊ ಊರನ್ನು ನಾವು ಬೇಕೆಂದೇ ಬಿಟ್ಟೆವು. 14ನೇ ಶತಮಾನದ ಕೋಟೆ ಕಾರಿನಿಂದಲೇ ಕಂಡಿತು, ಸಾಕು ಅನಿಸಿತು.

ಊಟದ ಬಗ್ಗೆ ಸಸ್ಯಾಹಾರಿಗಳು ಹೆದರಬೇಕಾಗಿಲ್ಲ. ಟಸ್ಕನಿಯಲ್ಲಿ ಬೀನ್ಸ್, ಬ್ರೆಡ್, ಸೊಪ್ಪಿನ ಅಡುಗೆ ಬಹಳ. ಈ ಭಾಗದ ಪಾಸ್ತಾ ಪೀಚಿ. ಕೈಯಲ್ಲಿ ಹೊಸೆದಿದ್ದು, ನಮ್ಮ ಶಾವಿಗೆಯನ್ನು ಹತ್ತು ಪಟ್ಟು ದಪ್ಪ ಮಾಡಿದ ಹಾಗೆ. ಹಿಟ್ಟು, ನೀರು ಕಲಸಿಯೇ ಮಾಡುತ್ತಾರೆ. ಕೆಲವರು ಮೊಟ್ಟೆಯನ್ನೂ ಹಾಕುತ್ತಾರೆ, ಮೊಟ್ಟೆ ತಿನ್ನದವರು ಕೇಳಿಕೊಳ್ಳಿ. "ಪೀಚಿ ಆಲ್ಲಾಲ್ಯೋನೆ" ಅಂದರೆ ಟೊಮ್ಯಾಟೊ ಮತ್ತು ದೊಡ್ಡ ಬೆಳ್ಳುಳ್ಳಿಯ ಸಾಸ್, ಕಣ್ಣು ಮುಚ್ಚಿ ಹೇಳಿ. ಕ್ರೊಸ್ತೀನಿ ಅಂತ ಚಿಕ್ಕ ಬ್ರೆಡ್ ತುಂಡು ಬಂದರೆ ಹುಷಾರು, ಮೇಲೆ ಹಚ್ಚಿದ್ದು ಕೋಳಿ ಲಿವರ್ ಇರಬಹುದು. ಸೂಪ್‌ಗೆ ಮಾಂಸದ ನೀರು ಹಾಕಿದ್ದಾರಾ ಅಂತಲೂ ಕೇಳಿ. ಡ್ರೈವರ್‌ಗೆ ಹಿಂದಿನ ದಿನವೇ ಹೇಳಿದರೆ ಅವರೇ ಫೋನ್ ಮಾಡಿ ಹೋಟೆಲ್‌ನವರಿಗೆ ತಿಳಿಸುತ್ತಾರೆ. ಖಾಸಗಿ ಪ್ರವಾಸದಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿದ್ದು ಇದೊಂದೇ ಫೋನ್. ಎರಡೂವರೆ ಆದ ಮೇಲೆ ಹಳ್ಳಿ ಹೋಟೆಲ್‌ಗಳಲ್ಲಿ ಅಡುಗೆಮನೆ ಮುಚ್ಚಿರುತ್ತದೆ, ಆಮೇಲೆ ಸಂಜೆಯೇ. ಬಿಲ್ಲಿನಲ್ಲಿ ತಲೆಗಿಷ್ಟು ಅಂತ "ಕೊಪೆರ್ತೊ" ಸೇರಿದ್ದರೆ ಗಾಬರಿಯಾಗಬೇಡಿ, ಅದು ಕೂತದ್ದಕ್ಕೆ, ಬ್ರೆಡ್ಡಿಗೆ.

ಪಿಯೆಂಜಾದ ಬೀದಿಗೆ ಕಾಲಿಟ್ಟರೆ ಚೀಸ್ ವಾಸನೆಯೇ ಎದುರುಗೊಳ್ಳುತ್ತದೆ. ಕುರಿ ಹಾಲಿನ ಪೆಕೊರೀನೊ ಇಲ್ಲಿಯ ಹೆಮ್ಮೆ. ಸಾಂಪ್ರದಾಯಿಕವಾಗಿ ಹಾಲು ಹೆಪ್ಪುಗಟ್ಟಿಸುವುದಕ್ಕೆ ಕುರಿಮರಿ ಅಥವಾ ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್ ಬಳಸುತ್ತಾರೆ. ಕಟ್ಟುನಿಟ್ಟಿನ ಸಸ್ಯಾಹಾರಿಗಳು "ಕಾಲ್ಯೊ ವೆಜೆತಾಲೆ" ಇದ್ದರೆ ಕೊಡಿ ಅಂತ ಕೇಳಬೇಕು. ಗಿಡದ ರಸದಿಂದ ಹೆಪ್ಪು ಹಾಕಿದ್ದೂ ಸಿಗುತ್ತದೆ. ಪಾರ್ಮೆಸಾನ್‌ಗೆ ಈ ಆಯ್ಕೆ ಇಲ್ಲ, ಅದರಲ್ಲಿ ಯಾವಾಗಲೂ ಕರುವಿನದೇ.

ಊರಿನ ಕಥೆ ಚೀಸ್‌ಗಿಂತ ಸ್ವಾರಸ್ಯ. 1405ರಲ್ಲಿ ಇಲ್ಲಿ ಹುಟ್ಟಿದ ಹುಡುಗ ಮುಂದೆ ಎರಡನೇ ಪಿಯುಸ್ ಅನ್ನುವ ಪೋಪ್ ಆದ. ಆಗ ಇದು ಕೊರ್ಸಿನ್ಯಾನೊ ಅನ್ನುವ ಕುಗ್ರಾಮ. ಬೆರ್ನಾರ್ದೊ ರೊಸ್ಸೆಲ್ಲೀನೊ ಅನ್ನುವ ವಾಸ್ತುಶಿಲ್ಪಿಯನ್ನು ಕರೆಸಿ, 1459ರಿಂದ ಮೂರ್ನಾಲ್ಕು ವರ್ಷದಲ್ಲಿ ಚರ್ಚು, ಅರಮನೆ, ಚೌಕ ಎಲ್ಲ ಕಟ್ಟಿಸಿ, ಊರಿಗೆ ತನ್ನ ಹೆಸರನ್ನೇ ಇಟ್ಟ. ಚರ್ಚಿನೊಳಗೆ ಬೆಳಕು ತುಂಬಿರಬೇಕು ಅಂತ ದೊಡ್ಡ ಕಿಟಕಿ ಇಡಿಸಿದ್ದಾನೆ. ಆದರೆ ಹಿಂಭಾಗ ಇಳಿಜಾರಿನ ಸಡಿಲ ಮಣ್ಣಿನ ಮೇಲಿದೆ. ಅಂದಿನಿಂದಲೂ ಕುಸಿಯುತ್ತಾ ಬಂದಿದೆ, ಒಳಗೆ ಹೋದರೆ ಬಿರುಕು ಕಾಣುತ್ತದೆ. ಪಕ್ಕದ ಅರಮನೆಯ ತೋಟದ ಆಚೆ ಕಣಿವೆ, ಅದರಾಚೆ ಆರಿದ ಜ್ವಾಲಾಮುಖಿ ಮೊಂತೆ ಅಮಿಯಾತಾ. ಪಿಯೆಂಜಾ ಬಹುಪಾಲು ಸಮತಟ್ಟು. ಮಂಡಿ ನೋವಿನವರಿಗೆ ಈ ಸುತ್ತಿನಲ್ಲಿ ಇದೇ ಒಳ್ಳೆಯ ಊರು. ಒಂದೂವರೆ ಗಂಟೆ ಕೊಡಿ.

ಮೊಂತೆಪುಲ್ಚಾನೊ ಅಲ್ಲಿಂದ ಇಪ್ಪತ್ತು ನಿಮಿಷ. ಇದು ಪೂರಾ ಏರು. ಕೆಳಗಿನ ಬಾಗಿಲಿಂದ ಮೇಲಿನ ಚೌಕ ಪಿಯಾಜ್ಜಾ ಗ್ರಾಂದೆ ತನಕ ಕಲ್ಲು ಹಾಸಿನ ಏರುಬೀದಿ. ಇಲ್ಲೇ ಡ್ರೈವರ್ ಇದ್ದದ್ದು ಸಾರ್ಥಕ ಆಗುವುದು. "ಮೇಲೆ ಹತ್ತಿರದಲ್ಲಿ ಇಳಿಸಿ, ಕೆಳಗಿನ ಬಾಗಿಲಲ್ಲಿ ಹತ್ತಿಸಿಕೊಳ್ಳಿ" ಅಂತ ಹೇಳಿ, ಇಳಿದುಕೊಂಡೇ ಊರು ನೋಡಿ. ಚಪ್ಪಲಿ ಹಿಡಿತ ಇರುವಂಥದ್ದು ಹಾಕಿ. ಈ ಬೀದಿಯಲ್ಲೇ ಆಗಸ್ಟ್ ಕೊನೆಯ ಭಾನುವಾರ ಎಂಬತ್ತು ಕಿಲೋ ತೂಕದ ಪೀಪಾಯಿಗಳನ್ನು ಮೇಲಕ್ಕೆ ಉರುಳಿಸುವ ಪಂದ್ಯ ನಡೆಯುತ್ತದೆ. ಆ ದಿನ ಕಾರು ಪ್ರವಾಸ ಇಟ್ಟುಕೊಳ್ಳಬೇಡಿ.

ಹಳೇ ಮನೆಗಳ ಅಡಿಯಲ್ಲಿ ವೈನ್ ನೆಲಮಾಳಿಗೆಗಳಿವೆ. ಇಲ್ಲಿ ರುಚಿ ನೋಡಲೇಬೇಕಾಗಿಲ್ಲ, ಸುಮ್ನೆ ಇಳಿದು ಆಳೆತ್ತರ ಮೀರಿದ ಪೀಪಾಯಿಗಳನ್ನು ನೋಡಿ ಬರಬಹುದು. ಎರಡನೇ ವೈನರಿಗೆ ಹಣ ಕೊಡಬೇಡಿ ಅಂದಿದ್ದು ಇದಕ್ಕೇ. ಇಲ್ಲಿಯ ವೈನ್ ವೀನೊ ನೋಬಿಲೆ. ಅದರಲ್ಲೂ ಮುಖ್ಯ ಅದೇ ಸಾಂಜೊವೇಸೆ. ಅಂಗಡಿಗಳಲ್ಲಿ ಮೊಂತೆಪುಲ್ಚಾನೊ ದಾಬ್ರುತ್ಸೊ ಅಂತ ಸಿಗುವುದಕ್ಕೂ ಈ ಊರಿಗೂ ಸಂಬಂಧ ಇಲ್ಲ, ಅದು ಬೇರೆ ಸೀಮೆಯ ಬೇರೆ ದ್ರಾಕ್ಷಿ.

ಯಾವಾಗ ಹೋಗಬೇಕು? ಫೋಟೋಗಳಲ್ಲಿ ಕಾಣುವ ಹಸಿರು ಗುಡ್ಡ ಏಪ್ರಿಲ್, ಮೇ ತಿಂಗಳದ್ದು. ಗೋಧಿ ಪೈರಿನ ಹಸಿರು ಅದು. ಜುಲೈಗೆ ಕೊಯ್ಲು ಮುಗಿದು ಎಲ್ಲ ಹಳದಿ, ಆಮೇಲೆ ಉತ್ತ ಮಣ್ಣಿನ ಬಣ್ಣ. ಸೆಪ್ಟೆಂಬರ್‌ನಲ್ಲಿ ದ್ರಾಕ್ಷಿ ಕೊಯ್ಲು ನೋಡಬಹುದು, ಆದರೆ ಚಿಕ್ಕ ತೋಟದವರಿಗೆ ಆಗ ಮಾತಾಡುವುದಕ್ಕೂ ಪುರುಸೊತ್ತು ಇರುವುದಿಲ್ಲ. ಎರಡೂ ಬೇಕು ಅಂದರೆ ಸಿಗುವುದಿಲ್ಲ, ಒಂದನ್ನು ಆರಿಸಿಕೊಳ್ಳಿ.

ಬಾಟಲಿ ಕೊಳ್ಳುವವರಿಗೆ ಒಂದು ಲೆಕ್ಕ. ಭಾರತಕ್ಕೆ ಬರುವಾಗ ಒಬ್ಬ ವಯಸ್ಕರಿಗೆ ಸುಂಕವಿಲ್ಲದೆ ಎರಡು ಲೀಟರ್ ಮದ್ಯ ತರಬಹುದು. ಅಂದರೆ 750 ಮಿಲಿಯ ಎರಡು ಬಾಟಲಿ. ಕ್ಯಾಬಿನ್ ಚೀಲದಲ್ಲಿ ಬಿಡುವುದಿಲ್ಲ, ಚೆಕ್-ಇನ್ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿ ಇಡಬೇಕು. "ಮನೆಗೇ ಕಳಿಸಿಕೊಡುತ್ತೇವೆ" ಅಂತ ವೈನರಿಯವರು ಹೇಳುತ್ತಾರೆ. ಭಾರತಕ್ಕಾದರೆ ಒಪ್ಪಬೇಡಿ, ಸಾಗಣೆಗೂ ಸುಂಕಕ್ಕೂ ವೈನ್‌ಗಿಂತ ಜಾಸ್ತಿ ತೆರಬೇಕಾದೀತು. ಯುರೋಪಿನಲ್ಲೇ ಇರುವ ಕನ್ನಡಿಗರಿಗೆ ಈ ತಲೆನೋವಿಲ್ಲ.

ಹಣ ಕಟ್ಟುವ ಮುನ್ನ ಬರವಣಿಗೆಯಲ್ಲಿ ಕೇಳಬೇಕಾದದ್ದು: ಟೋಲ್ ಮತ್ತು ಪಾರ್ಕಿಂಗ್ ಸೇರಿದೆಯಾ, ಎಂಟು ಗಂಟೆ ಮೀರಿದರೆ ಗಂಟೆಗೆಷ್ಟು, ಎಷ್ಟು ದಿನ ಮೊದಲು ರದ್ದು ಮಾಡಿದರೆ ಹಣ ವಾಪಸ್. ಟಿಪ್ಸ್ ಕೊಡಲೇಬೇಕು ಅಂತ ಇಲ್ಲ, ಖುಷಿಯಾದರೆ ಕೊಡಿ.

ಪೂರ್ತಿ ದಿನ ಸಿಗದವರು ಈ ಕಣಿವೆಯ ಆಸೆ ಬಿಟ್ಟು ಕಿಯಾಂತಿಗೆ ಹೋಗಬಹುದು. ಗ್ರೇವೆ ಊರು ಫ್ಲಾರೆನ್ಸ್‌ನಿಂದ ಸುಮಾರು ಮೂವತ್ತು ಕಿಲೋಮೀಟರ್. ಬಾಟಲಿ ಮೇಲೆ ಕಪ್ಪು ಹುಂಜ ಇರುವ ಕಿಯಾಂತಿ ಕ್ಲಾಸಿಕೊ ಈ ಸೀಮೆಯದ್ದೇ. ಅರ್ಧ ದಿನಕ್ಕೆ ಒಂದು ತೋಟ, ಗ್ರೇವೆಯ ತ್ರಿಕೋನ ಚೌಕದಲ್ಲಿ ಒಂದು ಕಾಫಿ, ಮಧ್ಯಾಹ್ನದ ಊಟಕ್ಕೆ ವಾಪಸ್ ಫ್ಲಾರೆನ್ಸ್.