ಗುಳ್ಳೆ ಓಡುವ ಮುನ್ನ ಅಕ್ಷ ಹೇಳಿ

ಟೆಡ್ ಎಂಬ ಉಪನ್ಯಾಸ ವೇದಿಕೆಯಲ್ಲಿ ಮಾತಿಗೆ 18 ನಿಮಿಷದ ಮಿತಿ. 2006ರಲ್ಲಿ ಸ್ವೀಡನ್ನಿನ ವೈದ್ಯ ಹಾನ್ಸ್ ರೋಸ್ಲಿಂಗ್ ಅಲ್ಲಿ ದೇಶದೇಶಗಳ ಅಂಕಿಅಂಶಗಳನ್ನೇ ಗ್ರಾಫ್ ಮೇಲೆ ಗುಳ್ಳೆಗಳಾಗಿ ಓಡಿಸಿ ತೋರಿಸಿದರು. ಆದರೆ ಮೊದಲು ವಿವರಣೆ: ಅಡ್ಡ ಅಕ್ಷದಲ್ಲಿ ಒಬ್ಬ ಮಹಿಳೆಗೆ ಎಷ್ಟು ಮಕ್ಕಳು, ಲಂಬ ಅಕ್ಷದಲ್ಲಿ ನಿರೀಕ್ಷಿತ ಆಯಸ್ಸು, ಒಂದೊಂದು ಗುಳ್ಳೆ ಒಂದೊಂದು ದೇಶ, ಗಾತ್ರ ಅಂದರೆ ಜನಸಂಖ್ಯೆ. ಆಮೇಲಷ್ಟೇ 1962ರಿಂದ ವರ್ಷಗಳು ಉರುಳಿದವು.

ನಮ್ಮ ಬಹುತೇಕ ವಿಜ್ಞಾನ ಉಪನ್ಯಾಸಗಳು ಎಡವುವುದು ಇಲ್ಲೇ. ಸ್ಲೈಡ್ ಬಂದ ಕೂಡಲೇ ಭಾಷಣಕಾರರು ತೀರ್ಮಾನಕ್ಕೆ ಹಾರುತ್ತಾರೆ. ಸಭಿಕರು ಇನ್ನೂ ಅಂಚಿನ ಸಣ್ಣಕ್ಷರ ಓದುತ್ತಿರುತ್ತಾರೆ, ಮಾತು ತಲೆಗೆ ಇಳಿಯುವುದಿಲ್ಲ. ಖಾಲಿ ಅಕ್ಷಗಳನ್ನು ಮೊದಲು ತೋರಿಸಿ. ಒಂದೇ ಚುಕ್ಕೆ ಇಟ್ಟು ಅದನ್ನು ಓದುವ ಬಗೆ ಹೇಳಿ, ನಂತರ ಉಳಿದದ್ದು ತನ್ನಿ. ಲೇಸರ್ ಪಾಯಿಂಟರ್ ಮಾತ್ರ ಬೇಡ. ಕೈ ತುಸು ನಡುಗಿದರೂ ಪರದೆಯ ಮೇಲೆ ಬೆಳಕು ಕುಣಿಯುತ್ತದೆ.