ಸಿಪ್ರೊ ಕೊಡುವ ಮುಂಚೆ ಚೀಲ ನೋಡಿ

ರಾಯಚೂರಿನಲ್ಲಿ ಮೆಡಿಕಲ್ ಶಾಪ್ ಕೌಂಟರಿಗೆ ಹೊಸದಾಗಿ ನಿಲ್ಲುವವರಿಗೆ ಈ ಮಾತು. "ಬ್ಯಾರೆ ಔಷಧ ಏನರ ತಗೋತೀರೇನ್ರಿ?" ಎಂದು ಕೇಳಿದರೆ "ಏನೂ ಇಲ್ರಿ" ಎಂದೇ ಉತ್ತರ. ವರ್ಷಗಟ್ಟಲೆ ನುಂಗುತ್ತಿರುವ ಶುಗರ್ ಗುಳಿಗೆ ಅವರಿಗೆ ಔಷಧದ ಲೆಕ್ಕಕ್ಕೇ ಬರುವುದಿಲ್ಲ. "ಯಜಮಾನ್ರ, ದಿನಾ ಏನೇನ್ ನುಂಗ್ತೀರಿ, ಚೀಲ ತೋರಿಸ್ರಿ" ಅನ್ನಿ. ಚೀಟಿಯಲ್ಲಿ ಸಿಪ್ರೊಫ್ಲಾಕ್ಸಾಸಿನ್ (ಸಿಪ್ರೊ ಎನ್ನುವ ಆ್ಯಂಟಿಬಯೋಟಿಕ್) ಇದ್ದರಂತೂ ಇದನ್ನು ಬಿಡಲೇಬೇಡಿ.

ಮೊದಲು ಹುಡುಕಬೇಕಾದ್ದು ಸ್ನಾಯು ಬಿಗಿತ ಸಡಿಲಿಸುವ ಟಿಜಾನಿಡಿನ್. ಸೊಂಟ, ಕುತ್ತಿಗೆ ನೋವಿನ ಗುಳಿಗೆಗಳಲ್ಲಿ ಇದು ಎಷ್ಟೋ ಸಲ ನೋವಿನ ಔಷಧ ಅಸೆಕ್ಲೊಫೆನಾಕ್ ಜತೆ ಸೇರಿರುತ್ತದೆ. ಬ್ರ್ಯಾಂಡ್ ಹೆಸರು ನೋಡಿ ಸುಮ್ಮನಾಗದೆ ಸ್ಟ್ರಿಪ್ ತಿರುಗಿಸಿ ಸಣ್ಣ ಅಕ್ಷರ ಓದಿ. ಟಿಜಾನಿಡಿನ್ ಕರಗಿಸುವ ಯಕೃತ್ತಿನ ಕಿಣ್ವವನ್ನು ಸಿಪ್ರೊ ತಡೆಯುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಸುಮಾರು 10 ಪಟ್ಟು ಏರಿ, ಬಿಪಿ ಕುಸಿದು, ಎದ್ದು ನಿಂತವರು ಕಣ್ಣು ಕತ್ತಲೆ ಬಂದು ಬೀಳಬಹುದು. ಇವೆರಡನ್ನು ಒಟ್ಟಿಗೆ ಕೊಡಲೇಬಾರದು. ದಮ್ಮಿನ ಥಿಯೋಫಿಲಿನ್ ಕರಗುವುದೂ ಇದೇ ಕಿಣ್ವದಿಂದ. ಅದು ಏರಿದರೆ ವಾಂತಿ, ಎದೆ ಡವಡವ, ಕೈ ನಡುಕ, ಕೆಲವರಿಗೆ ಫಿಟ್ಸ್.

ಇನ್ನು ಶುಗರಿನ ಗ್ಲಿಮೆಪಿರೈಡ್. ಜ್ವರ, ಭೇದಿಯಲ್ಲಿ ಊಟ ಸೇರದಿದ್ದರೂ ಶುಗರ್ ಗುಳಿಗೆ ಮಾತ್ರ ತಪ್ಪಿಸದವರಿದ್ದಾರೆ. ಅದರ ಮೇಲೆ ಸಿಪ್ರೊ ಬಿದ್ದರೆ ಶುಗರ್ ತೀರಾ ಇಳಿಯಬಹುದು. ನಮ್ಮ ಬೇಸಿಗೆಯಲ್ಲಿ ಬೆವರು, ತಲೆಸುತ್ತು ಬಂದರೆ ಬಿಸಿಲಿನ ಮೇಲೆ ಹಾಕಿ ಮಲಗಿಬಿಡುತ್ತಾರೆ, ಅದೇ ಭಯ. ಗ್ಲುಕೋಮೀಟರಿನಲ್ಲಿ 70ಕ್ಕಿಂತ ಕಡಿಮೆ ಬಂದು, ಎಚ್ಚರವಿದ್ದು ನುಂಗಲು ಆಗುವಂತಿದ್ದರೆ, ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಇದ್ದರೆ ಕೆಲವೇ ದಿನಗಳಲ್ಲಿ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ) ಪರೀಕ್ಷೆ ಬೇಕು. ಕಿಡ್ನಿ ತೊಂದರೆ, ಫಿಟ್ಸ್, ಮಯಸ್ತೇನಿಯಾ (ಸ್ನಾಯು ಸೋಲುವ ಕಾಯಿಲೆ) ಇದ್ದರೆ, 60 ದಾಟಿದವರು ಸ್ಟಿರಾಯ್ಡ್ ತಗೊಳ್ಳುತ್ತಿದ್ದರೆ, ಚೀಟಿ ಬರೆದ ಡಾಕ್ಟರಿಗೆ ಫೋನ್ ಮಾಡಿ. ಅಂಗಡಿಯಲ್ಲೇ ಔಷಧ ಬದಲಿಸುವ ಅಧಿಕಾರ ನಮಗಿಲ್ಲ.

"ಗುಳಿಗಿ ನಾಟಲಿಲ್ರಿ" ಎಂದು ವಾಪಸ್ ಬಂದವರ ಬಳಿ ಕಬ್ಬಿಣದ ಗುಳಿಗೆ, ಕ್ಯಾಲ್ಸಿಯಂ, ಜೆಲುಸಿಲ್‌ನಂಥ ಗ್ಯಾಸಿನ ಔಷಧ ಇದೆಯೇ ವಿಚಾರಿಸಿ. ಇವು ಹೊಟ್ಟೆಯಲ್ಲೇ ಸಿಪ್ರೊಗೆ ಅಂಟಿಕೊಂಡು ರಕ್ತಕ್ಕೆ ಸೇರಗೊಡುವುದಿಲ್ಲ. ಪ್ಯಾಂಟೊಪ್ರಜೋಲ್‌ನಿಂದ ಈ ತೊಂದರೆ ಇಲ್ಲ. ಬರೀ ಹಾಲು, ಮಜ್ಜಿಗೆ ಜತೆ ನುಂಗುವುದೂ ಬೇಡ. ಸಿಪ್ರೊ ನುಂಗಿ ಕನಿಷ್ಠ 2 ತಾಸಿನ ನಂತರ ಕಬ್ಬಿಣ. ಕಬ್ಬಿಣ ಮೊದಲಾದರೆ 6 ತಾಸಿನ ನಂತರ ಸಿಪ್ರೊ. ಸಿಪ್ರೊ ಮುಂಜಾನೆ 8ಕ್ಕೆ, ರಾತ್ರಿ 8ಕ್ಕೆ ಇದ್ದರೆ ಕಬ್ಬಿಣಕ್ಕೆ ಮುಂಜಾನೆ 10ರಿಂದ ಮಧ್ಯಾಹ್ನ 2ರ ತನಕ ಜಾಗ ಉಂಟು. ಆ ಸಮಯವನ್ನು ಎರಡೂ ಸ್ಟ್ರಿಪ್‌ಗಳ ಮೇಲೆ ಮಾರ್ಕರಿನಲ್ಲಿ ಬರೆದು ಕೊಡಿ.